ವೈನಿ ಬೇಡವೆಂದ ಕುಟುಂಬದ ಟಿಕೀಟು

ಓದುಗರಿಗೆಲ್ಲ ನಮಸ್ಕಾರ. ನಾನು ಸಾಲೆಗೆ ತಡವಾಗಿ ಹೋದವನು. ಟೈಪರೈಟರಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಇದನ್ನು ಬರೆಯುತ್ತಿದ್ದೇನೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿರಿ, ಸಿಟ್ಟಾಗಬೇಡಿರಿ.

ವೈನಿಯ ಬಲಗಾಲು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಒಲೆಯ ಮುಂದೆ ಒಂದು ಮೊಣಕಾಲು ಎತ್ತಿ ಕೂತು ಚಪಾತಿ ಲಟ್ಟಿಸುವಾಗಲೂ ಆ ಕಾಲಿನ ಬೆರಳುಗಳು ನೆಲದ ಮೇಲೆ ಏಳುತ್ತ ಬೀಳುತ್ತ ಇರುತ್ತಿದ್ದವು. ಕಾಲುಂಗುರ ಬಡಿದು ಬಡಿದು ಒಲೆಯ ಪಕ್ಕದ ಹಾಸುಗಲ್ಲಿನ ಮೇಲೆ ಒಂದು ಬಿಳಿಯ ಗುರುತೇ ಬಿದ್ದಿತ್ತು. ಅಂಗಳದ ಆಚೆಯ ನನ್ನ ಖೋಲಿಗೂ ಆ ಸಪ್ಪಳ ಕೇಳುತ್ತಿತ್ತು. ಸಪ್ಪಳ ಜೋರಾಯಿತೆಂದರೆ ಇವತ್ತು ವೈನಿ ಯಾವುದೋ ಯೋಚನೆಯಲ್ಲಿದ್ದಾರೆ ಎಂದು ನಾನು ತಿಳಿಯುತ್ತಿದ್ದೆ.

ಇದು ಮೊದಲನೆಯ ದೊಡ್ಡ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲಿನ ಮಾತು. ನಾನು ನಮ್ಮ ಊರು ಬಿಟ್ಟು ಪುಣೆಗೆ ಬಂದು ರವಿವಾರ ಪೇಠೆಯ ಒಂದು ಕಾಳಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮೀಸೆ ಬಂದಿತ್ತು, ಅಕ್ಷರ ಬಂದಿರಲಿಲ್ಲ. ಇರುತ್ತಿದ್ದದ್ದು ಶನಿವಾರ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ. ಅದೇ ವಾಡೆಯಲ್ಲಿ ವಿಜಾಪುರದ ಕಡೆಯ ಒಬ್ಬ ರಾಯರು ಇದ್ದರು. ಮಿಲಿಟರಿ ಹಿಶೋಬಿನ, ಅಂದರೆ ಲೆಕ್ಕದ, ಕಚೇರಿಯಲ್ಲಿ ಕಾರಕೂನರು. ಅವರ ಹೆಂಡತಿಯೇ ನಾನು ಹೇಳುವ ವೈನಿ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ರಕ್ತ ಸಂಬಂಧ ಏನೂ ಇರಲಿಲ್ಲ. ತಿಂಗಳಿಗಿಷ್ಟು ಎಂದು ಕೊಟ್ಟು ಅವರಲ್ಲಿ ಊಟ ಮಾಡುತ್ತಿದ್ದೆ, ಅಷ್ಟೆ. ಮನೆಯಲ್ಲಿ ರಾಯರ ತಾಯಿ ಇದ್ದರು, ಅವರನ್ನು ನಾವೆಲ್ಲ ಅಜ್ಜಿ ಅನ್ನುತ್ತಿದ್ದೆವು. ಮತ್ತೆ ಐದಾರು ವರ್ಷದ ಒಬ್ಬ ಮಗಳು.

ನನಗೆ ಅಕ್ಷರ ಕಲಿಸಿದವರು ವೈನಿ. ಪಾಟಿ ಇಲ್ಲ, ಬಳಪ ಇಲ್ಲ. ನಾನು ಊಟಕ್ಕೆ ಕೂತಾಗ ಚಪಾತಿ ಮಣೆಯ ಮೇಲೆ ಒಣ ಹಿಟ್ಟು ಉದುರಿಸಿ ಬೆರಳಿನಿಂದ ಒಂದು ಅಕ್ಷರ ಬರೆಯುತ್ತಿದ್ದರು.

"ಓದ ತಮ್ಮಾ, ಲಗೂನ ಓದು. ಇಲ್ಲಾಂದ್ರ ಚಪಾತಿ ಆಗಿ ಹೋಗ್ತದ."

ನಾನು ಬಾಯಿ ತೆರೆಯುವಷ್ಟರಲ್ಲಿ ಅದರ ಮೇಲೆ ಉಂಡಿ ಇಟ್ಟು ಲಟ್ಟಿಸಿಬಿಡುತ್ತಿದ್ದರು. ಎಷ್ಟೋ ದಿವಸ ನಾನು 'ಖ'ವನ್ನೂ 'ಘ'ವನ್ನೂ ಗುರುತಿಸದೆ ತಿಂದಿದ್ದೇನೆ. ಆಕೆಗೆ ಕಾಯುವುದು ತಿಳಿಯುತ್ತಿರಲಿಲ್ಲ. ಆದರೆ ನಾನು ತಪ್ಪು ಓದಿದರೆ ನಗುತ್ತಿರಲಿಲ್ಲ, ಮರುದಿವಸ ಅದೇ ಅಕ್ಷರ ಮತ್ತೆ ಬರೆಯುತ್ತಿದ್ದರು. ಆ ಅವಸರದಲ್ಲೇ ನಾನು ಕಲಿತೆ. ಮುಂದಿನ ವರ್ಷ ಸಂಜೆಯ ಸಾಲೆಗೆ ಸೇರಿಕೊಂಡೆ.

ವೈನಿಯ ತವರು ಕಾರವಾರದ ಆಚೆ, ಅಂಕೋಲೆ ಕಡೆಯ ಒಂದು ಹಳ್ಳಿ. ಮದುವೆಯಾಗಿ ಬಂದಮೇಲೆ ಮಾತು ಪೂರ್ತಿ ನಮ್ಮ ಕಡೆಯದಾಗಿತ್ತು. ಸಿಟ್ಟು ಬಂದಾಗ ಮಾತ್ರ "ಎಂತಕ್ಕೆ?" ಎಂದು ತವರಿನ ಮಾತು ಹೊರಗೆ ಬರುತ್ತಿತ್ತು. ಆಗ ಅಜ್ಜಿ, "ಬಂತು ನೋಡು ಬೋಟು," ಎಂದು ಚೇಷ್ಟೆ ಮಾಡುತ್ತಿದ್ದರು. ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋಗಿದ್ದ ವೈನಿ ಮತ್ತೆ ಹೋಗಿರಲೇ ಇಲ್ಲ. ಹುಬ್ಬಳ್ಳಿಯವರೆಗೆ ರೈಲು ಇತ್ತು ನಿಜ. ಅಲ್ಲಿಂದ ಘಟ್ಟ ಇಳಿಯುವುದೆಂದರೆ ಚಕ್ಕಡಿ. ಮೋಟಾರು ಆಗತಾನೆ ಶುರುವಾಗಿತ್ತು, ಅದು ಎಲ್ಲಿ ನಿಲ್ಲುತ್ತದೆ ಎಂದು ಅದಕ್ಕೇ ಗೊತ್ತಿರಲಿಲ್ಲ. ಆದ್ದರಿಂದ ಆ ಕಡೆಯವರೆಲ್ಲ ಮುಂಬಯಿಗೆ ಹೋಗಿ ಬೋಟು ಹತ್ತುತ್ತಿದ್ದರು. ಮಳೆಗಾಲ ಬಂತೆಂದರೆ ಬೋಟು ಬಂದ್.

ಆ ವರ್ಷ ಹೋಳಿ ಮುಗಿದಮೇಲೆ ವೈನಿಯ ಅಣ್ಣ ಯಾವುದೋ ಕೆಲಸಕ್ಕೆ ಮುಂಬಯಿಗೆ ಬಂದವರು ಪುಣೆಗೂ ಬಂದು ಹೋದರು. ತಾಯಿಯ ಕಣ್ಣು ದಿನದಿಂದ ದಿನಕ್ಕೆ ಮಂದವಾಗುತ್ತಿದೆ ಎಂದು ಹೇಳಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರದ್ದು, ಉಪಾಯವಿಲ್ಲ ಅಂದಿದ್ದರಂತೆ ಡಾಕ್ಟರು. ಹೊರಡುವ ಮುಂಚೆ ಅಂಗಳದಲ್ಲಿ ನಿಂತು, "ಬೆಳಕಿದ್ದಾಗ್ಲೇ ಬಾ ಅಂತ ಹೇಳು ಅಂದ್ಲು. ನಿನ್ನ ಮುಖ ನೋಡ್ಬೇಕಂತೆ," ಅಂದರು. ವೈನಿ "ಹೂಂ" ಅಂದು ಒಳಗೆ ಹೋದರು. ಅಂದಿನಿಂದ ಕಾಲುಂಗುರದ ಸಪ್ಪಳ ನಿಲ್ಲಲೇ ಇಲ್ಲ.

ರಾಯರು ಕೆಟ್ಟವರಲ್ಲ. ಹೋಗೋಣ ಎಂದು ಅಂದೇ ಹೇಳಿದರು. ಆದರೆ ಅವರಿಗೆ ಒಂದು ಚಟ ಇತ್ತು. ಯಾವುದೇ ವಸ್ತು ಕೊಳ್ಳುವ ಮೊದಲು ಅದು ಪರವಡಸುತ್ತದೋ ಇಲ್ಲವೋ, ಅಂದರೆ ಕೊಟ್ಟ ರೊಕ್ಕಕ್ಕೆ ತಕ್ಕಂತೆ ಇದೆಯೋ ಇಲ್ಲವೋ, ಎಂದು ಯೋಚಿಸುವುದು. ಮಂಡಯಿಯ ಕಾಯಿಪಲ್ಲೆ ಪೇಟೆಯಲ್ಲಿ ಬದನೆಕಾಯಿಯ ಪ್ರತಿಯೊಂದು ಗುಡ್ಡೆಯ ಮುಂದೆ ನಿಂತು, ಎಲ್ಲಾ ಕೇಳಿ, ಬರಿಗೈಯಲ್ಲಿ ಮನೆಗೆ ಬಂದವರು ಅವರು. ಅಂಥವರ ಕಣ್ಣಿಗೆ ಬುಧವಾರ ಚೌಕದಲ್ಲಿ ಬೋಟಿನ ಏಜೆಂಟನ ಅಂಗಡಿಯ ಹೊಸ ಹಲಗೆ ಬಿತ್ತು. ಕುಟುಂಬದ ಟಿಕೀಟು. ಅಂದು ಕಚೇರಿಯಿಂದ ಓಡುತ್ತಲೇ ಬಂದರು.

"ಕೇಳಿಲ್ಲಿ. ಒಂದು ಖೋಲಿ ಪೂರ್ತಿ ನಮಗ. ದೊಡ್ಡವರು ನಾಕ ಮಂದಿ, ಸಣ್ಣ ಹುಡುಗರು ಪುಕ್ಕಟ. ಹೋಗೂದೂ ಬಂತು, ಬರೂದೂ ಬಂತು. ಊಟಾನೂ ಅದರಾಗ."

"ಊಟ ಯಾರ ಮಾಡ್ತಾರಂತ?" ಒಳಗಿನಿಂದ ಅಜ್ಜಿ ಕೇಳಿದರು.

"ಬೋಟಿನ ಅಡಗಿಯಂವ."

"ಯಾರ ಪೈಕಿ ಅಂವ?"

"ಅವ್ವಾ, ಅದನ್ನ ಹಲಿಗಿ ಮ್ಯಾಲೆ ಬರದಿರ್ತಾರೇನು?"

"ಹಂಗಾದ್ರ ನಾ ದಶಮಿ ಕಟಗೊಂಡ ಬರ್ತೀನಿ. ನೀವೂ ಅದನ್ನ ತಿನ್ರಿ. ಉಣಲಾರದ ಊಟಕ್ಕ ರೊಕ್ಕಾ ಕೊಟ್ಟು ಮೀನಕ್ಕ ಹಾಕ್ರಿ."

ದಶಮಿ ಎಂದರೆ ನೀರಿಗೆ ಬದಲು ಹಾಲಿನಲ್ಲಿ ಹಿಟ್ಟು ಕಲಸಿ ಬೇಯಿಸಿದ ರೊಟ್ಟಿ. ಅದಕ್ಕೆ ಮೈಲಿಗೆ ಇಲ್ಲವೆಂದು ಮಡಿಯವರು ಪ್ರವಾಸಕ್ಕೆ ಅದನ್ನೇ ಕಟ್ಟಿಕೊಳ್ಳುತ್ತಿದ್ದರು. ರಾಯರಿಗೆ ಈ ದಶಮಿಯಿಂದ ದೊಡ್ಡ ಪೇಚು ಬಂತು. ಊಟದ ರೊಕ್ಕ ದಂಡ. ಅದನ್ನು ಬೇರೆ ಯಾವ ರೀತಿಯಿಂದ ವಸೂಲು ಮಾಡಬೇಕು? ಮನೆಯಲ್ಲಿ ದೊಡ್ಡವರು ಮೂವರೇ. ನಾಲ್ಕನೆಯ ಜಾಗ ಖಾಲಿ ಹೋಗುತ್ತದೆ. ಎರಡು ದಿವಸ ಗ್ಯಾಲರಿಯಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡಿದರು. ಆಮೇಲೆ ನನ್ನನ್ನು ಕರೆದರು.

"ನೀ ಬಾ. ತಮ್ಮ ಅಂತ ಹೇಳ್ತೀನಿ. ಅಲ್ಲಿಗೆ ನಾಕ ಮಂದಿ ಆತು."

"ಅಂಗಡಿಯಾಗ ರಜಾ ಕೊಡೂದಿಲ್ರೀ," ಅಂದೆ.

"ಕೊಡದ ಏನ್ ಮಾಡ್ತಾನ? ಎಂದಾರ ಸಮುದ್ರ ನೋಡೀಯೇನು?"

ವೈನಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಅಂದರು, "ತುಳಸೀ ಕಟ್ಟಿ ಒಂದು ಉಳೀತು. ಅದನ್ನೂ ಕಿತಗೊಂಡ ಹೋಗೋಣ್ರಿ, ಖೋಲಿ ತುಂಬ್ತದ."

ರಾಯರಿಗೆ ಅದು ಚೇಷ್ಟೆ ಎಂದು ತಿಳಿಯಲಿಲ್ಲ. "ಸಾಮಾನಿಗೆ ಬ್ಯಾರೆ ಕೊಡಬೇಕಾಗ್ತದ," ಅಂದರು.

ಹೀಗೆ ಚೈತ್ರ ಹೋಯಿತು. ಬಿಸಿಲು ಏರಿತು. ವಾಡೆಯ ಜನರೆಲ್ಲ ಬುದ್ಧಿ ಹೇಳಿದರು. ಖೋಲಿಯಲ್ಲಿ ಗಾಳಿಯಿಲ್ಲ ಎಂದು ಒಬ್ಬರು, ಡೆಕ್ಕಿನ ಮೇಲೆ ಮರ್ಯಾದೆ ಇಲ್ಲ ಎಂದು ಮತ್ತೊಬ್ಬರು. ರಾಯರು ಎಲ್ಲರ ಮಾತೂ ಕೇಳಿ ಪ್ರತಿದಿವಸ ಹೊಸದಾಗಿ ಲೆಕ್ಕ ಹಾಕುತ್ತಿದ್ದರು. ಒಂದು ದಿವಸ ಪರವಡಸುತ್ತಿತ್ತು, ಮರುದಿವಸ ಇಲ್ಲ. ಮಧ್ಯಾಹ್ನದ ಹೊತ್ತು ಧೂಳಿನ ಗಾಳಿ ಎದ್ದರೆ ವೈನಿ ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದರು. ನನಗೂ ಅಂಗಡಿಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ತೂಕ ಮಾಡುವಾಗ ಆ ಮುದುಕಿಯ ಕಣ್ಣು ನೆನಪಾಗುತ್ತಿತ್ತು, ನಾನು ಆಕೆಯನ್ನು ನೋಡಿರಲೇ ಇಲ್ಲ, ಆದರೂ.

ಒಂದು ಗುರುವಾರ ಸಂಜೆ ವೈನಿ ಮಗಳ ಕೈ ಹಿಡಿದು ಹೊರಟರು. "ಗುಡಿಗೆ ಹೋಗಬೇಕು, ನೀ ಜೋಡಿ ಬಾ," ಅಂದರು ನನಗೆ. ಗುಡಿಗೆ ಹೋದೆವು. ಬರುವಾಗ ದಾರಿ ತಪ್ಪಿಸಿ ಬುಧವಾರ ಚೌಕಕ್ಕೆ ಕರೆದುಕೊಂಡು ಹೋದರು. ಏಜೆಂಟನ ಅಂಗಡಿಯ ಮೆಟ್ಟಿಲಿನ ಹತ್ತಿರ ನಿಂತು, ಸೆರಗು ಎಳೆದುಕೊಂಡು, ನನ್ನ ಕಡೆ ಮುಖ ಮಾಡಿ ಕನ್ನಡದಲ್ಲಿ ಅಂದರು:

"ಬೋಟು ಕಾರವಾರಕ್ಕ ಯಾವ ಹೊತ್ತಿಗೆ ಮುಟ್ತದ, ಕೇಳು."

ವೈನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಪರ ಗಂಡಸಿನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ನಾನು ಮರಾಠಿಯಲ್ಲಿ ಕೇಳಿದೆ. ಏಜೆಂಟ ನನಗೆ ಹೇಳಿದ. ನಾನು ಅದನ್ನು ಮತ್ತೆ ಕನ್ನಡದಲ್ಲಿ ಹೇಳಹೊರಟರೆ, "ಕೇಳಿಸ್ತು, ಮುಂದಿಂದ ಕೇಳು," ಅಂದರು.

"ಖೋಲಿ ಟಿಕೀಟಿನವರು ಡೆಕ್ಕಿನ ಮ್ಯಾಲೆ ಬಂದ ಕೂಡಬಹುದೇನು, ಕೇಳು."

"ಬಾಯೀನಾ ಸಾಂಗಾ," ಎಂದ ಏಜೆಂಟ, ಅಂದರೆ ಬಾಯಿಗೆ, ಅಮ್ಮನವರಿಗೆ, ಹೇಳಿರಿ ಎಂದು. "ಬರಬಹುದು. ಎಲ್ಲರೂ ಅಲ್ಲೇ ಬಂದು ಕೂಡ್ತಾರೆ. ಕೆಳಗೆ ಸೆಕೆ."

"ತಿರುಗಿ ಬರೂದು ಎಷ್ಟು ದಿವಸದಾಗ, ಕೇಳು."

"ವಾರದೊಳಗೆ. ಅದು ದಾಟಿದರೆ ಬರುವ ಟಿಕೀಟು ನಡೆಯೋದಿಲ್ಲ."

ಬಂದರದಿಂದ ವೈನಿಯ ಹಳ್ಳಿಗೆ ಒಂದು ಹೊಳೆ ದಾಟಿ ಚಕ್ಕಡಿಯಲ್ಲಿ ಹೋಗಬೇಕು. ಬರುವಾಗ ಬೋಟು ತಪ್ಪಬಾರದೆಂದು ಮುಂಚಿನ ದಿವಸವೇ ಹೊರಡಬೇಕು. ಹೋಗುವ ಬರುವ ದಿನ ಕಳೆದರೆ ಏನು ಉಳಿಯುತ್ತದೆ ಎಂದು ಅವರು ಒಳಗೇ ಎಣಿಸುತ್ತಿದ್ದರೆಂದು ತೋರುತ್ತದೆ. ಆಮೇಲೆ ನನ್ನನ್ನು ಬಿಟ್ಟು ನೇರವಾಗಿ ಏಜೆಂಟನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು.

"ಈ ಸಲದ ಕಟ್ಟಕಡೆಯ ಬೋಟು ಯಾವಾಗ?"

ಆತ ಗಾಬರಿಯಾಗಿ ಕುರ್ಚಿಯಿಂದ ಅರ್ಧ ಎದ್ದ. "ಅದಕ್ಕೆ ಕುಟುಂಬದ ಟಿಕೀಟು ಇಲ್ಲ ಬಾಯಿ. ಜ್ಯೇಷ್ಠದ ಹೊತ್ತಿಗೆ ಹೋಗ್ತದೆ. ಹೋಗೋದಷ್ಟೇ. ತಿರುಗಿ ಬರಬೇಕಂದರೆ ಶ್ರಾವಣದ ನಾರಳೀ ಪೌರ್ಣಿಮೆ ದಾಟಬೇಕು, ಸಮುದ್ರ ತಣ್ಣಗಾಗಬೇಕು."

"ಡೆಕ್ಕಿನ ಟಿಕೀಟು ಇರ್ತದಲ್ಲ?"

"ಇರ್ತದೆ. ಯಾರೂ ತಗೊಳ್ಳೋದಿಲ್ಲ. ತಮ್ಮ ಊರಿಗೆ ಹೋಗುವ ಜನ ಮಾತ್ರ."

ವೈನಿ ಮಗಳ ಕೈ ಎಳೆದುಕೊಂಡು ಇಳಿದರು. ದಾರಿಯಲ್ಲಿ ಒಂದೇ ಮಾತು ಅಂದರು. "ವಾರದಾಗ ತಿರುಗಿ ಬಾ ಅಂದ್ರ ಅದು ತವರಿಗೆ ಹೋಗೂದಲ್ಲ ತಮ್ಮಾ. ಬಾಗಿಲಾ ಮುಟ್ಟಿ ಬರೂದು."

ದೈವ ಹೇಗೆ ನೋಡಿರಿ. ಎರಡು ದಿವಸದ ಮೇಲೆ ರಾಯರು ಕೈಯಲ್ಲಿ ಪೇಢೆಯ ಪುಡಿಕೆ ಹಿಡಿದು ಬಂದರು. ಮುಖದಲ್ಲಿ ಸಂತೋಷ. "ಮುಗೀತು. ಎಲ್ಲಾ ಕಡೆಯಿಂದ ನೋಡಿದೆ. ಪರವಡಸ್ತದ. ನಾಳೆ ಟಿಕೀಟು ತಗಸ್ತೀನಿ," ಅಂದರು.

"ಬ್ಯಾಡ್ರಿ," ಅಂದರು ವೈನಿ.

ರಾಯರು ಕೋಟಿನ ಗುಂಡಿ ಬಿಚ್ಚುತ್ತಿದ್ದವರು ಹಾಗೇ ನಿಂತರು. "ಏನು?"

"ನನಗ ಪರವಡಸೂದಿಲ್ಲ."

"ನೀ ಏನ್ ರೊಕ್ಕಾ ಕೊಡಾಕಿ ಇದ್ದೀಯೇನು?"

"ನಾ ದಿವಸ ಕೊಡಾಕಿ. ನೀವು ಎಲ್ಲಾರೂ ಬರ್ರಿ, ನಾ ಬ್ಯಾಡನ್ನೂದಿಲ್ಲ. ಆದರ ಆ ನಾಕ ದಿವಸ ನಾ ಅಲ್ಲಿ ನಿಮಗ ಚಪಾತಿ ಮಾಡ್ಲೋ, ಅತ್ಯಾರ ಮಡಿ ನೀರು ತರಲೋ, ಅವ್ವನ ಮುಂದ ಕೂಡ್ಲೋ? ಕಡೀ ಬೋಟಿಗೆ ನನ್ನ ಒಬ್ಬಾಕಿನ್ನ ಕಳಸ್ರಿ. ಡೆಕ್ಕಿನ ಮ್ಯಾಲೆ. ಹುಡುಗಿನ್ನ ಕರಕೊಂಡ ಹೋಗ್ತೀನಿ."

"ಕಡೀ ಬೋಟಿಗೆ ಹೋದ್ರ ತಿರಗಿ ಹ್ಯಾಂಗ ಬರ್ತಿ?"

"ಬರೂದಿಲ್ಲ. ಮಳಿಗಾಲ ಮುಗಿಯೂತನಕ ಯಾರ ಕರದರೂ ಬರ್ಲಿಕ್ಕೆ ಬರೂದಿಲ್ಲ. ಅದಕ್ಕ ಅದು ಬೇಕು."

ರಾಯರಿಗೆ ಸಿಟ್ಟು ಬಂತು. ಹೆಂಗಸು, ಸಣ್ಣ ಕೂಸು, ಏಳುವ ಸಮುದ್ರ, ಜನ ಏನಂದಾರು, ಮನೆಯಲ್ಲಿ ಅಡಿಗೆ ಯಾರು ಮಾಡಬೇಕು ಎಂದು ಒಂದರ ಮೇಲೊಂದು ಹೇಳಿದರು. ನಾನು ಎದ್ದು ಹೋಗಬೇಕೋ ಕೂಡಬೇಕೋ ತಿಳಿಯದೆ ಉಂಡ ಕೈ ಒಣಗಿಸಿಕೊಂಡು ಕೂತಿದ್ದೆ. ಮಾತಾಡಿದ್ದು ಅಜ್ಜಿ. ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದವರು ಅಲ್ಲಿಂದಲೇ ಅಂದರು:

"ಹೋಗ್ಲಿ ಬಿಡೋ ಅಪ್ಪಾ."

"ಅವ್ವಾ, ನೀ ಸುಮ್ಮನಿರು."

"ಯಾಕ ಸುಮ್ಮನಿರ್ಲಿ? ನಮ್ಮವ್ವ ಸತ್ತಾಗ ನಾ ನಿಮ್ಮ ಮನಿಯಾಗ ಹೋಳಿಗಿ ಮಾಡ್ಲಿಕ್ಕಹತ್ತಿದ್ದೆ. ದಿನಾಕರ್ಮ ಎಲ್ಲಾ ಮುಗದ ಮ್ಯಾಲೆ ನನಗ ಸುದ್ದಿ ಹೇಳಿದ್ರು, ಹಬ್ಬದ ಅಡಗಿ ಕೆಡಬಾರದು ಅಂತ. ನನಗೇನ ಕೈ ಮುರದಾವೇನು? ಮಾಡಿ ಹಾಕ್ತೀನಿ ನಿಮಗಿಬ್ಬರಿಗೂ. ಉಪ್ಪು ಹೆಚ್ಚುಕಡಿಮಿ ಆದ್ರ ಬಾಯಿ ಮುಚಗೊಂಡು ಉಣ್ರಿ."

ಸೊಸೆಯ ಮೇಲೆ ಅವರಿಗೆ ಅಷ್ಟು ಅಂತಃಕರಣ ಇತ್ತೆಂದು ವಾಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವರಿಗೂ. ಪೇಢೆಯ ಪುಡಿಕೆ ಮರುದಿವಸದ ತನಕ ಯಾರೂ ಬಿಚ್ಚಲಿಲ್ಲ.

ಒಂದು ಅನುಕೂಲವಾಯಿತು. ಸ್ಟೇಶನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ ಕುಮಟೆಯ ಕಡೆಯ ಒಬ್ಬರ ತಾಯಿಯೂ ಅದೇ ಬೋಟಿಗೆ ಊರಿಗೆ ಹೊರಟಿದ್ದರು. ಅವರ ಜೊತೆ ಎಂದಮೇಲೆ ರಾಯರು ಒಪ್ಪಿದರು. ಒಪ್ಪಿದ ಮೇಲೆ ಅವರಿಗೇ ನಿದ್ದೆಯಿಲ್ಲ. ಮುಂಬಯಿಯ ಬೋಟು ಧಕ್ಕೆಗೆ ರಾಯರೂ ನಾನೂ ಹೋಗಿದ್ದೆವು, ಟ್ರಂಕು ನಾನು ಹೊತ್ತಿದ್ದೆ. ಆಕಾಶ ಕರ್ರಗಿತ್ತು. ಬೋಟು ನಿಂತಲ್ಲೇ ತೂಗುತ್ತಿತ್ತು. ಡೆಕ್ಕಿನ ಮೇಲೆ ಜನ ಕಂಬಳಿ, ಜಮಖಾನೆ ಹಾಸಿ ಜಾಗ ಹಿಡಿದಿದ್ದರು. ಹೋಟೆಲಿನವರ ತಾಯಿ ಆಗಲೇ ಒಂದು ಮೂಲೆಯಲ್ಲಿ ಎಲೆ ಅಡಿಕೆ ಬಿಚ್ಚಿ ಕೂತು, ವೈನಿಗೆ ಜಾಗ ಬಿಡದೆ ಕಾಲು ಚಾಚಿದವನೊಬ್ಬನನ್ನು ಬೈಯುತ್ತಿದ್ದರು. ರಾಯರು ಒಂದು ಖೋಲಿಯ ಬಾಗಿಲಲ್ಲಿ ಇಣುಕಿ ನೋಡಿ ಬಂದರು.

"ಖಾಲೀನ ಅದ ನೋಡು. ಹಾಸಿಗೀನೂ ಅದ," ಅಂದರು ಸಣ್ಣ ಮುಖ ಮಾಡಿ.

"ಇರ್ಲಿ ಬಿಡ್ರಿ. ಗಾಳಿ ಇಲ್ಲೇ ಛಲೋ ಅದ. ಹೊತ್ತಿಗೆ ಸರಿಯಾಗಿ ಉಣ್ರಿ," ಅಂದರು ವೈನಿ. ಬೋಟು ಬಿಟ್ಟಾಗ ಹಿಂದೆ ತಿರುಗಿ ನೋಡಿದರೋ ಇಲ್ಲವೋ ನನಗೆ ಕಾಣಲಿಲ್ಲ. ಎಲ್ಲರೂ ನಿಂತು ಕೈ ಬೀಸುತ್ತಿದ್ದರು.

ಆ ಮಳೆಗಾಲ ದೊಡ್ಡದಾಗಿತ್ತು. ಆಷಾಢ ಏಕಾದಶಿಗೆ ಹೊರಟ ಸಂತರ ಪಾಲಖಿ ಬಂದು ಹಡಪಸರದ ದಾರಿ ಹಿಡಿಯಿತು, ಅಜ್ಜಿ ನೆನೆದುಕೊಂಡೇ ಹೋಗಿ ಕೈಮುಗಿದು ಬಂದರು. ಅವರ ಸಾರಿನಲ್ಲಿ ಒಂದು ದಿವಸ ಉಪ್ಪು ಇರುತ್ತಿರಲಿಲ್ಲ, ಒಂದು ದಿವಸ ಬರೀ ಉಪ್ಪೇ. ಯಾರೂ ತುಟಿ ಬಿಚ್ಚಲಿಲ್ಲ. ಮುಠೆ ಹೊಳೆಯಲ್ಲಿ ಕೆಂಪು ನೀರು ಬಂದರೆ ರಾಯರು ಲಕಡಿ ಪೂಲ ಸೇತುವೆಗೆ ಹೋಗಿ ನಿಂತು, "ಅಲ್ಲಿ ಸಮುದ್ರ ಹ್ಯಾಂಗಿರಬಹುದೋ," ಅನ್ನುತ್ತಿದ್ದರು. ಊರು ಮುಟ್ಟಿದ ಸುದ್ದಿ ಘಟ್ಟ ಹತ್ತಿ ಬರಲು ಬಹಳ ದಿವಸ ಹಿಡಿಯಿತು. ಬೋಟು ಯಾವಾಗ ಶುರು ಎಂದು ಅವರು ಏಜೆಂಟನನ್ನು ಕೇಳಿ ಕೇಳಿ, ಕೊನೆಗೆ ಆತ ಅವರು ಕಂಡರೆ ಮೊದಲೇ ಚಹಾ ತರಿಸುತ್ತಿದ್ದ.

ದಸರೆಗೆ ಮುಂಚೆ ವೈನಿ ಬಂದರು. ಕಪ್ಪಾಗಿದ್ದರು, ಸೊರಗಿದ್ದರು. ಮಗಳು ಪೂರ್ತಿ ತಾಯಿಯ ತವರಿನ ಮಾತು ಆಡುತ್ತಿತ್ತು. ಕೈಕಾಲು ತೊಳೆದು ಎಲ್ಲರೂ ಕೂತಾಗ ರಾಯರು ಕೇಳಿದರು, "ಕಣ್ಣು?"

ವೈನಿ ನಿಧಾನವಾಗಿ ಹೇಳಿದರು. ಅಷ್ಟು ನಿಧಾನವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹೋದಾಗ ಇನ್ನೂ ಕಾಣಸ್ತಿತ್ತು. ದಿನಾ ಮುಂಜಾನೆ ಬಾಗಲಾಗ ಬೆಳಕಿಗೆ ನನ್ನ ಕೂಡಸ್ತಿದ್ಲು. ಈ ಕಡೆ ತಿರುಗು, ಆ ಕಡೆ ತಿರುಗು ಅಂತಿದ್ಲು. ಬರಬರತ ಬರೀ ಸೀರಿ ಬಣ್ಣ ಕಾಣಸ್ತದ ಅಂದ್ಲು. ಒಂದಿವಸ ಮಧ್ಯಾಹ್ನ ನಾ ಹಲಸಿನ ಬೀಜ ಸುಲಕೋತ ಏನೋ ಹೇಳ್ಲಿಕ್ಕಹತ್ತಿದ್ದೆ. 'ಮೋಡ ಭಾಳ ಕಟ್ಯಾವೇನ?' ಅಂದ್ಲು. ಹೊರಗ ನೋಡಿದೆ. ಮಳಿ ಬಿಟ್ಟು ಚುರುಚುರು ಬಿಸಲು ಬಿದ್ದಿತ್ತು."

ಅಜ್ಜಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು, ವೈನಿ ಮುಂದೆ ಹೇಳಿದರು.

"'ಹೌದವ್ವಾ, ಭಾಳ ಕಟ್ಯಾವ' ಅಂದೆ. ಹಂಗ ಮಾತಾಡಿಕೋತ ಕೂತೆ. ಆಕಿ ಗಾಬರಿ ಆಗ್ಲಿಲ್ಲ. ನಾಕ ದಿವಸಕ್ಕ ಆಕಿಗೂ ತಿಳೀತು. ಆಮ್ಯಾಲೆ ಕೈ ಹಿಡದು ಮನಿತುಂಬ ಅಡ್ಡಾಡಿಸಿದೆ. ಬಾವಿ ಎಲ್ಲಿ, ಒಲಿ ಎಲ್ಲಿ, ತುಳಸಿ ಎಲ್ಲಿ. ಮೊದಲ ನಾ ಹಿಡದೆ, ಆಮ್ಯಾಲೆ ಗ್ವಾಡಿ ಹಿಡದ್ಲು. ನಾ ಬರೂ ದಿವಸ ತಾನ ಒಬ್ಬಾಕಿನ ಅಂಗಳದ ತನಕ ಬಂದು ನಿಂತು ನನ್ನ ಕಳಿಸಿದ್ಲು."

"ಆ ವಾರದ ಟಿಕೀಟು ನಾ ತಗಸೇ ಬಿಡ್ತಿದ್ದೆ," ಅಂದರು ರಾಯರು, ಅಷ್ಟೇ ಅಂದು ಎದ್ದು ಹೊರಗೆ ಹೋದರು.

ವೈನಿ ತೀರಿಕೊಂಡದ್ದು ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚೆ, ಪುಣೆಯಲ್ಲಿಯೇ. ನಾನು ಕಾಳು ತರಲು ಸಾಸವಡಕ್ಕೆ ಹೋಗಿದ್ದೆ, ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕೊನೆಯ ತನಕ ಆಕೆಯನ್ನು ಯಾರಿಗೂ ಒಂದು ಕಡೆ ಕೂಡಿಸಲಾಗಲಿಲ್ಲ ಎಂದು ಮಗಳು ಹೇಳಿದಳು. ಆಕೆಯ ಋಣ ನನ್ನ ಮೇಲೆ ಎರಡಿದೆ. ಒಂದು, ನೀವು ಓದುತ್ತಿರುವ ಈ ಅಕ್ಷರ. ಇನ್ನೊಂದು, ನನ್ನ ಸ್ವಂತ ತಾಯಿ ಹಾಸಿಗೆ ಹಿಡಿದಾಗ ನಾನು ಆಗ ನನ್ನದೇ ಆಗಿದ್ದ ಅಂಗಡಿಗೆ ಕೀಲಿ ಹಾಕಿ ಊರಿಗೆ ಹೋದವನು ಯಾವಾಗ ಬರುತ್ತೇನೆಂದು ಯಾರಿಗೂ ಹೇಳಿ ಹೋಗಲಿಲ್ಲ. ನುಕಸಾನಾಯಿತು. ತಾಯಿ ನನ್ನ ಕೈಯಿಂದ ಗಂಜಿ ಕುಡಿದೇ ಹೋದಳು.

ನಿಮ್ಮ ಮನೆಯಲ್ಲೂ ಹೀಗೆ ಬರುವ ದಿನ ಗೊತ್ತು ಮಾಡದೆ ಹೋಗಿ ತಮ್ಮವರ ಹತ್ತಿರ ಕೂತವರು ಯಾರಾದರೂ ಇದ್ದರೆ, ನಾಲ್ಕು ಸಾಲು ಬರೆದು ತಿಳಿಸಿರಿ. ನಾನು ನಿಧಾನವಾಗಿ ಓದುವವನು, ಆದರೆ ಪೂರ್ತಿ ಓದುತ್ತೇನೆ.